ಹೊಂಗೆ ಬಯೋಡೀಸೆಲ್‌ಗೆ ಅರ್ಧ ಎಚ್‌ಪಿ ಸೆಮಿ ಓಪನ್ ಪಂಪ್: ಬಳಸಿ ನೋಡಿದ ಮೇಲೆ

ಪಂಪ್ ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ. ಅರ್ಧ ಎಚ್‌ಪಿ ಸೆಂಟ್ರಿಫ್ಯೂಗಲ್. ಬಾಡಿ, ಒಳಗೆ ತಿರುಗುವ ಇಂಪೆಲ್ಲರ್ ಎರಡೂ ಸ್ಟೇನ್‌ಲೆಸ್ ಸ್ಟೀಲ್. ಇಂಪೆಲ್ಲರ್ ಸೆಮಿ ಓಪನ್, ಅಂದರೆ ರೆಕ್ಕೆಗಳ ಹಿಂದೆ ಮಾತ್ರ ತಟ್ಟೆ ಇದೆ, ಮುಂದೆ ಬಯಲು. ಒಳಗೆ ಎಳೆಯುವ ಬಾಯಿ, ಅಂದರೆ ಸಕ್ಷನ್, ಒಂದೂವರೆ ಇಂಚು. ಹೊರಗೆ ತಳ್ಳುವ ಡೆಲಿವರಿ ಒಂದು ಇಂಚು. ಸೀಲಿನ ರಬ್ಬರು ವೈಟಾನ್. ತಂದದ್ದು ಬೆಂಗಳೂರಿನ ಪೀಣ್ಯದಿಂದ. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಇದೇ ಮಾದರಿಯದನ್ನು ಹಲವು ಕಂಪನಿಗಳು ಮಾಡುತ್ತವೆ, ನೋಡಬೇಕಾದ್ದು ಒಳಗಿನ ಅಳತೆ.

ನಾನು ಫಿಟ್ಟರ್ ಕೆಲಸದಿಂದ ರಿಟೈರ್ ಆದವನು. ಅರಸೀಕೆರೆ ಹತ್ತಿರ ತೆಂಗಿನ ತೋಟ, ಜೊತೆಗೊಂದು ಹಿಟ್ಟಿನ ಗಿರಣಿ. ಕರೆಂಟು ಹೋದಾಗ ಗಿರಣಿಗೂ ಬೇಸಿಗೆಯಲ್ಲಿ ತೋಟಕ್ಕೂ ಒಂದು ಹಳೇ ಡೀಸೆಲ್ ಎಂಜಿನ್ ಇದೆ. ಅದಕ್ಕೆ ಬೇಕಾದ ಬಯೋಡೀಸೆಲ್ ನಾವೇ ಮಾಡಿಕೊಳ್ಳುತ್ತೇವೆ. ಬೇಲಿ ಸಾಲಿನ ಹೊಂಗೆ ಬೀಜ ಗಾಣಕ್ಕೆ ಹಾಕಿಸಿದರೆ ನಾಲ್ಕು ಕೆಜಿಗೆ ಹೆಚ್ಚೂಕಡಿಮೆ ಒಂದು ಲೀಟರ್ ಎಣ್ಣೆ. ಹಿಂಡಿ ತೆಂಗಿನ ಬುಡಕ್ಕೆ. ಸಾಲದಿದ್ದರೆ ಹೋಟೆಲುಗಳ ಕರಿದ ಎಣ್ಣೆ. ಎಣ್ಣೆ ಬಿಸಿ ಮಾಡಿ, ಮೆಥನಾಲ್‌ನಲ್ಲಿ ಕಾಸ್ಟಿಕ್ ಕಲಸಿ ಸೇರಿಸಿ, ಪಂಪಿನಿಂದ ತಿರುಗಿಸುತ್ತಾ ಇದ್ದರೆ ಬಯೋಡೀಸೆಲ್ ಆಗುತ್ತದೆ, ಗ್ಲಿಸರಿನ್ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ನಮ್ಮ ಜಿಲ್ಲೆಗೆ ಇದೇನು ಹೊಸ ಹುಚ್ಚಲ್ಲ. ಹಾಸನದ ಪಕ್ಕ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕೇ ಇದೆ. ನಾವು ಮಾಡುವುದು ಸ್ವಂತಕ್ಕೆ ಮಾತ್ರ, ಮಾರುವುದಿಲ್ಲ.

ಪಂಪ್ ಅಂಗಡಿಗೆ ಹೋಗಿ ‘ಕಟ್ಟಿಕೊಳ್ಳದ ಪಂಪ್ ಕೊಡಿ’ ಅಂದರೆ ಯಾವುದನ್ನಾದರೂ ತೋರಿಸುತ್ತಾರೆ. ‘ನೀರಿಗಾ ಸಾರ್, ಎಣ್ಣೆಗಾ?’ ಅಂತಷ್ಟೇ ಕೇಳುತ್ತಾರೆ. ಆ ಪ್ರಶ್ನೆ ಸಾಲದು. ಏನು ಕಟ್ಟಿಕೊಳ್ಳುತ್ತೆ ಅನ್ನೋದು ಮುಖ್ಯ. ಬೋಂಡಾ ಚೂರು, ಕರಕಲು, ಹೊಂಗೆ ಎಣ್ಣೆಯ ಗಸಿ, ಇವೆಲ್ಲ ಕಣ್ಣಿಗೆ ಕಾಣುವಂಥವು. ಬಟ್ಟೆಯಲ್ಲಿ ಸೋಸಿ, ಎರಡು ದಿನ ಬಿಟ್ಟು ಮೇಲಿನದನ್ನು ಬಗ್ಗಿಸಿಕೊಂಡರೆ ಮುಗಿಯಿತು. ನಿಜವಾದ ತಲೆನೋವು ಸೋಸಿದರೂ ಹೋಗದ್ದು. ಹೋಟೆಲಿನ ಎಣ್ಣೆ ಹೆಚ್ಚಾಗಿ ಪಾಮ್. ಡಿಸೆಂಬರ್ ಬೆಳಗ್ಗೆ ಅದು ಪೈಪಿನಲ್ಲೇ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಎಣ್ಣೆಯಲ್ಲಿ ಹುಳಿ ಅಂಶ ಜಾಸ್ತಿ ಇದ್ದರೆ ಕಾಸ್ಟಿಕ್ ಜೊತೆ ಸೇರಿ ಸೋಪಾಗುತ್ತದೆ. ಕೊನೆಗೆ ತಳದಲ್ಲಿ ನಿಲ್ಲುವ ಗ್ಲಿಸರಿನ್. ರಾತ್ರಿ ಪಂಪಿನೊಳಗೆ ಉಳಿದರೆ ಬೆಳಗ್ಗೆ ಇಂಪೆಲ್ಲರ್ ಅಲುಗಾಡಲ್ಲ.

ಆ ಗ್ಲಿಸರಿನ್‌ಗೆ ಮದ್ದು ಪಂಪಿನಲ್ಲಿಲ್ಲ. ಸೋಡಿಯಂ ಕಾಸ್ಟಿಕ್ ಬಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ. ತೂಕದಲ್ಲಿ ಸುಮಾರು 1.4 ಪಟ್ಟು ಬೇಕು, ಬೆಲೆಯೂ ಜಾಸ್ತಿ. ಆದರೆ ಗ್ಲಿಸರಿನ್ ತಣ್ಣಗಾದರೂ ಹರಿಯುತ್ತದೆ. ಸಾವಿರಗಟ್ಟಲೆ ಕೊಟ್ಟು ಪಂಪ್ ಬದಲಾಯಿಸುವ ಮುಂಚೆ ಇದೊಂದನ್ನು ಮಾಡಿ ನೋಡಿ.

ಈಗ ನಾನು ಬೇಡ ಅಂದ ಪಂಪುಗಳು. ಮನೆ ಟ್ಯಾಂಕಿಗೆ ನೀರೇರಿಸುವ ಸಣ್ಣ ಸೆಲ್ಫ್ ಪ್ರೈಮಿಂಗ್ ಪಂಪ್ ಎಲ್ಲ ಊರಲ್ಲೂ ಸಿಗುತ್ತೆ, ಅಗ್ಗ. ಅಂಗಡಿಯವರು ಮೊದಲು ಕೈಗೆ ಕೊಡುವುದೂ ಅದನ್ನೇ. ಪರಿಚಯದವರೊಬ್ಬರ ಶೆಡ್ಡಿನಲ್ಲಿ ಅಂಥದ್ದೊಂದನ್ನು ಬಿಚ್ಚಿ ಫೀಲರ್ ಗೇಜ್ ಹಾಕಿ ನೋಡಿದ್ದೇನೆ. ಹಿತ್ತಾಳೆ ಇಂಪೆಲ್ಲರಿಗೂ ಬಾಡಿಗೂ ನಡುವೆ ಕೂದಲೆಳೆಯಷ್ಟು ಸಂದು. ಸಂದು ಅಷ್ಟು ಸಣ್ಣದಾಗಿ ಇಲ್ಲದಿದ್ದರೆ ಆ ಪಂಪು ಕೆಲಸವನ್ನೇ ಮಾಡಲ್ಲ, ಅದರ ಲೆಕ್ಕಾಚಾರವೇ ಹಾಗೆ. ನೀರಿನಲ್ಲೇ ನಾಲ್ಕು ದಿನ ಸುಮ್ನೆ ಬಿಟ್ಟರೆ ಹಿಡಿದುಕೊಳ್ಳುತ್ತದೆ, ಹಿಂದಿನ ಫ್ಯಾನಿಗೆ ಸ್ಕ್ರೂಡ್ರೈವರ್ ಹಾಕಿ ತಿರುಗಿಸಬೇಕು, ಅಲ್ವಾ? ಇನ್ನು ಸೋಪು, ಗ್ಲಿಸರಿನ್ ಹೋದರೆ ಗತಿಯೇನು? ಮೇಲಾಗಿ ಹಿತ್ತಾಳೆಯಲ್ಲಿ ತಾಮ್ರ ಇದೆ. ತಾಮ್ರ ಸೋಕಿದರೆ ಬಯೋಡೀಸೆಲ್ ಬೇಗ ಕೆಡುತ್ತದೆ.

ಗೇರ್ ಪಂಪ್ ಎಣ್ಣೆಗಾಗಿಯೇ ಹುಟ್ಟಿದ್ದು. ದಪ್ಪ ಹೊಂಗೆ ಎಣ್ಣೆಯನ್ನು ಡ್ರಮ್ಮಿನಿಂದ ಎತ್ತಲು ಅದರಷ್ಟು ಚೆನ್ನಾಗಿ ಯಾವುದೂ ಎತ್ತಲ್ಲ. ನಿಮಿಷಕ್ಕೆ 1,440 ಸುತ್ತಿನ ಮೋಟರಿಗೆ ಜೋಡಿಸಿದರೆ ಸದ್ದೂ ಕಡಿಮೆ. ಆದರೆ ಹಲ್ಲುಗಳ ನಡುವೆ ಒಂದು ಮರಳು ಕಣ ಸಿಕ್ಕಿದರೆ ಬಾಡಿಗೆ ಗೀರು ಬೀಳುತ್ತದೆ, ಆಮೇಲೆ ದಿನದಿನಕ್ಕೆ ಒತ್ತಡ ಇಳಿಯುತ್ತದೆ. ಡೆಲಿವರಿ ಕಟ್ಟಿಕೊಂಡರೆ ಅದು ನಿಲ್ಲುವುದೂ ಇಲ್ಲ. ಒತ್ತಡ ಹೆಚ್ಚಾದರೆ ತೆರೆದುಕೊಳ್ಳುವ ರಿಲೀಫ್ ವಾಲ್ವ್ ಇಲ್ಲದಿದ್ದರೆ ಪೈಪನ್ನೇ ಸೀಳುತ್ತದೆ. ಸೋಸಿದ ಎಣ್ಣೆ, ತಯಾರಾದ ಬಯೋಡೀಸೆಲ್, ಇವೆರಡಕ್ಕೆ ಸರಿ. ಗ್ಲಿಸರಿನ್ ಹತ್ತಿರ ಬೇಡ.

ಗಾಳಿಯಲ್ಲಿ ಓಡುವ ಡಯಾಫ್ರಮ್ ಪಂಪ್ ಬಗ್ಗೆ ನನಗೆ ಆಸೆ ಇತ್ತು, ಈಗಲೂ ಇದೆ. ಚೂರು, ಗಸಿ, ಸೋಪು ಎಲ್ಲ ಸಲೀಸಾಗಿ ದಾಟುತ್ತದೆ. ಒಣಗಿ ಓಡಿದರೂ ಸುಡಲ್ಲ, ಡೆಲಿವರಿ ಮುಚ್ಚಿದರೆ ಸುಮ್ಮನೆ ನಿಲ್ಲುತ್ತದೆ. ಅದರಲ್ಲೇ ಕರೆಂಟಿಲ್ಲ, ಹಾಗಾಗಿ ಮೋಟರಿನ ಕಿಡಿಯ ಭಯ ಇಲ್ಲ. ಕಟ್ಟಿಕೊಳ್ಳದಿರುವುದೊಂದೇ ಬೇಕು ಅಂದರೆ ಇದೇ ಎಲ್ಲಕ್ಕಿಂತ ಮೇಲು. ಆದರೆ ಕಂಪ್ರೆಸರ್ ಬೇಕು. ಗಂಟೆಗಟ್ಟಲೆ ಎಣ್ಣೆ ತಿರುಗಿಸಲು ಸಣ್ಣ ಕಂಪ್ರೆಸರ್ ಸಾಲುವುದಿಲ್ಲ. ಗ್ಯಾರೇಜ್ ಇಟ್ಟುಕೊಂಡು ದೊಡ್ಡ ಕಂಪ್ರೆಸರ್ ಇರುವವರು ಮುಂದಿನದನ್ನು ಓದುವ ಅಗತ್ಯವೇ ಇಲ್ಲ, ಅದನ್ನೇ ತಗೊಳ್ಳಿ.

ನಾನು ಸೆಮಿ ಓಪನ್ ಇಂಪೆಲ್ಲರ್ ಆರಿಸಿದ್ದು ಎರಡು ಕಾರಣಕ್ಕೆ. ಸಂದು ದೊಡ್ಡದು, ಸಣ್ಣಪುಟ್ಟ ಚೂರು ಹಾಗೇ ದಾಟಿಹೋಗುತ್ತದೆ. ಎರಡನೆಯದೇ ನನಗೆ ದೊಡ್ಡ ಕಾರಣ. ಮುಂದಿನ ಮುಚ್ಚಳ ನಾಲ್ಕು ಬೋಲ್ಟಿನಲ್ಲಿ ಬಿಚ್ಚುತ್ತದೆ, ಪೈಪು ಕಳಚಬೇಕಿಲ್ಲ, ಮೋಟರ್ ಅಲುಗಿಸಬೇಕಿಲ್ಲ. ಯಾವ ಪಂಪೂ ಒಂದಲ್ಲ ಒಂದು ದಿನ ಕಟ್ಟಿಕೊಳ್ಳುತ್ತದೆ. ಬಿಚ್ಚಿ ಒರೆಸಿ ಮತ್ತೆ ಹಾಕೋಕೆ ಹತ್ತು ನಿಮಿಷವಾ, ಅರ್ಧ ದಿನವಾ, ಅಂಗಡಿಯಲ್ಲೇ ಸ್ಪ್ಯಾನರ್ ಕೇಳಿ ಬಿಚ್ಚಿ ನೋಡಿ. ಬಿಡಲ್ಲ ಅಂದರೆ ಬೇರೆ ಅಂಗಡಿ.

ಬಳಕೆಯಲ್ಲಿ ಹೇಗಿದೆ? ಬಿಸಿ ಎಣ್ಣೆಗೆ ತುಂಬಾ ಚೆನ್ನಾಗಿದೆ. ನೂರು ಲೀಟರ್ ಎಣ್ಣೆಗೆ ಇಪ್ಪತ್ತು ಲೀಟರ್ ಮೆಥನಾಲ್ ಲೆಕ್ಕದಲ್ಲಿ 55 ಡಿಗ್ರಿಯಲ್ಲಿ ತಿರುಗಿಸುವಾಗ ಮಿಶ್ರಣ ಜೋರಾಗಿ ಆಗುತ್ತದೆ. ತಣ್ಣನೆಯ ಹೊಂಗೆ ಎಣ್ಣೆಗೆ ಮಾತ್ರ ಒದ್ದಾಡುತ್ತದೆ, ಮೋಟರ್ ಬಿಸಿಯಾಗುತ್ತದೆ. ಎಣ್ಣೆ ಬೆಚ್ಚಗೆ ಮಾಡಿಯೇ ಚಾಲು ಮಾಡಬೇಕು. ತಾನಾಗಿ ಎಳೆದುಕೊಳ್ಳುವ ಗುಣ ಇದಕ್ಕಿಲ್ಲ, ಹಾಗಾಗಿ ಟ್ಯಾಂಕಿನ ತಳಕ್ಕಿಂತ ಕೆಳಗೆ ಕೂರಿಸಿದ್ದೇನೆ. ಆದ ಬಯೋಡೀಸೆಲ್ ಅನ್ನು ನೀರಿನಿಂದ ತೊಳೆಯುವ ಹಂತಕ್ಕೆ ಇದನ್ನು ಹಚ್ಚಲೇಬೇಡಿ. 2,880 ಸುತ್ತಿನಲ್ಲಿ ನೀರು, ಸೋಪು, ಬಯೋಡೀಸೆಲ್ ಮೂರೂ ಸೇರಿ ಮಜ್ಜಿಗೆ ಕಡೆದ ಹಾಗೆ ಆಗಿಬಿಡುತ್ತದೆ, ಬೇರೆಯಾಗಲು ದಿನಗಟ್ಟಲೆ ಕಾಯಬೇಕು. ಹಳೇ ಹೊಂಗೆ ಬೀಜದ ಎಣ್ಣೆಗೆ ಮೊದಲು ಆಸಿಡ್ ಹಾಕಿ ಹುಳಿ ಇಳಿಸುವ ಹಂತ ಇರುತ್ತಲ್ಲ, ಅದಕ್ಕೂ ಇದನ್ನು ಕೊಡುವುದಿಲ್ಲ. ಅದು ಬೇರೆ ಡ್ರಮ್ಮಿನಲ್ಲಿ, ಕಲಕುವ ಕೋಲಿನಿಂದ.

ಒಂದು ವಿಷಯ ಇಲ್ಲಿ ಹೇಳಲೇಬೇಕು. ಪಂಪ್ ಕಟ್ಟಿಕೊಂಡಿತು ಅಂತ ಜನ ಫೋನ್ ಮಾಡುವಾಗ ಅರ್ಧಕ್ಕರ್ಧ ಸಲ ಕಟ್ಟಿಕೊಂಡೇ ಇರುವುದಿಲ್ಲ. ಮೆಥನಾಲ್ ಸಮುದ್ರ ಮಟ್ಟದಲ್ಲಿ 64.7 ಡಿಗ್ರಿಗೆ ಕುದಿಯುತ್ತದೆ. ನಮ್ಮ ಕಡೆ ಎತ್ತರ ಜಾಸ್ತಿ, ಅದು ಇನ್ನೂ ಎರಡು ಡಿಗ್ರಿ ಇಳಿಯುತ್ತದೆ. ಸಕ್ಷನ್‌ನಲ್ಲಿ ಸಣ್ಣ ಜಾಲರಿ ಹಾಕಿದರೆ ಪಂಪಿನ ಬಾಯಲ್ಲಿ ಒತ್ತಡ ಇಳಿದು ಮೆಥನಾಲ್ ಅಲ್ಲೇ ಕುದಿ ಹತ್ತುತ್ತದೆ. ಗರಗರ ಸದ್ದು, ಎಣ್ಣೆ ಬರಲ್ಲ. ಬಿಚ್ಚಿದರೆ ಒಳಗೆ ಏನೂ ಇಲ್ಲ. ಆದ್ದರಿಂದ ಸಕ್ಷನ್ ಕಡೆ ಅಗಲವಾದ, ದೊಡ್ಡ ಕಣ್ಣಿನ ಜಾಲರಿ ಸಾಕು. ನಾನು ಹಾಕಿರುವುದು 20 ಮೆಶ್, ಅಂದರೆ ಇಂಚಿಗೆ 20 ಕಣ್ಣು. ಹತ್ತು ಮೈಕ್ರಾನ್ ಫಿಲ್ಟರ್ ಬೇಕಿದ್ದರೆ ಕೊನೆಯಲ್ಲಿ, ಡೆಲಿವರಿ ಕಡೆ. ಕಟ್ಟದಿರಲಿ ಅಂತ ಹಾಕಿದ ಜಾಲರಿಯೇ ಕಟ್ಟುವುದನ್ನು ಎಷ್ಟೋ ಶೆಡ್ಡುಗಳಲ್ಲಿ ನೋಡಿದ್ದೇನೆ.

ಕೊರತೆಗಳೂ ಇವೆ. ಸೀಲು ಸ್ಥಳೀಯ ಅಂಗಡಿಯಲ್ಲಿ ಸಿಗಲ್ಲ. ಪಂಪಿನ ಜೊತೆಯಲ್ಲೇ ಇನ್ನೊಂದು ಸೀಲು ಕೇಳಿ ತಂದುಬಿಡಿ, ಇಲ್ಲದಿದ್ದರೆ ಒಂದು ರಬ್ಬರಿಗಾಗಿ ಬೆಂಗಳೂರು ಬಸ್ಸು ಹತ್ತಬೇಕು. ಮಾಮೂಲಿ ನೈಟ್ರೈಲ್ ರಬ್ಬರು ಬಯೋಡೀಸೆಲ್‌ನಲ್ಲಿ ಊದಿ ಮೆತ್ತಗಾಗುತ್ತದೆ, ಆ ಚೂರೇ ಹೋಗಿ ಫಿಲ್ಟರಿಗೆ ಅಡ್ಡ ಕೂರುತ್ತದೆ. ವೈಟಾನ್ ಸರಿ, ಆದರೆ ಬರೀ ಮೆಥನಾಲ್‌ನಲ್ಲಿ ಸಾಮಾನ್ಯ ವೈಟಾನ್ ಕೂಡ ಊದುತ್ತದೆ. ಮೆಥನಾಲ್, ಕಾಸ್ಟಿಕ್ ಕಲಸಿದ್ದನ್ನು ಈ ಪಂಪಿನಿಂದ ಎತ್ತುವುದಿಲ್ಲ, ಮುಚ್ಚಿದ ಡಬ್ಬಿಯಿಂದ ನಳಿಕೆಯಲ್ಲಿ ಇಳಿಬಿಡುತ್ತೇನೆ. ಅಲ್ಯೂಮಿನಿಯಂ ಬಾಡಿ ಪಂಪ್ ಯಾರಾದರೂ ಕೊಟ್ಟರೆ ವಾಪಸ್ ಕೊಡಿ. ಕಾಸ್ಟಿಕ್ ಸೋಕಿದರೆ ಅಲ್ಯೂಮಿನಿಯಂ ಕರಗಿ ಹೈಡ್ರೋಜನ್ ಬರುತ್ತದೆ.

ಇನ್ನು ಮೋಟರ್. ಪಂಪಿನ ಜೊತೆ ಬಂದ ಸಿಂಗಲ್ ಫೇಸ್ ಮೋಟರಿನಲ್ಲಿ ಸ್ಟಾರ್ಟಿಂಗ್ ಸ್ವಿಚ್ ಇತ್ತು, ಪ್ರತಿ ಸಲ ಚಾಲು ಮಾಡಿದಾಗ ಒಳಗೆ ಕಿಡಿ. ಮೆಥನಾಲ್ ಆವಿ 11 ಡಿಗ್ರಿಯಲ್ಲೇ ಹೊತ್ತಿಕೊಳ್ಳುವಂಥದ್ದು, ಅದರ ಉರಿ ಹಗಲಲ್ಲಿ ಕಣ್ಣಿಗೂ ಕಾಣಲ್ಲ. ಆ ಮೋಟರ್ ತೆಗೆದು, ಒಳಗಿನ ಕಿಡಿಯಿಂದ ಹೊರಗಿನ ಆವಿ ಹೊತ್ತಿಕೊಳ್ಳದ ಫ್ಲೇಮ್‌ಪ್ರೂಫ್ ಮೋಟರ್ ಹಾಕಿಸಿದೆ. ಅದರ ಬೆಲೆ ಪಂಪಿನಷ್ಟೇ ಆಯಿತು, ಮನೆಯಲ್ಲಿ ಬೈಸಿಕೊಂಡೆ. ಅಂಗಡಿಯವರು ಇದನ್ನು ತಾವಾಗಿ ಹೇಳಲ್ಲ, ಈ ವಿಷಯದಲ್ಲಿ ಅವರಿಗೆ ಒಂದು ಸ್ಟಾರೂ ಇಲ್ಲ.

ಪಂಪಿಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಒಂದು ಕಡಿತ ಸೀಲಿಗೆ. ಒಂದು ಸಲಕ್ಕೆ ಇಪ್ಪತ್ತು ಮೂವತ್ತು ಲೀಟರ್ ಮಾಡುವವರಿಗೆ ಇದೆಲ್ಲ ದಂಡ. ಡ್ರಮ್ಮಿನ ಕೈಪಂಪು, ಒಂದು ಕಲಕುವ ಕೋಲು ಸಾಕು. ನೂರು ಲೀಟರ್ ದಾಟಿದರೆ ತಗೊಳ್ಳಿ. ಬಿಲ್ಲಿನಲ್ಲಿ ಸೀಲು ವೈಟಾನ್, ಇಂಪೆಲ್ಲರ್ ಸೆಮಿ ಓಪನ್ ಅಂತ ಬರೆಸಿಕೊಳ್ಳಿ. ಬಾಯಿಮಾತಿಗೆ ‘ವೈಟಾನೇ ಸಾರ್’ ಅಂದದ್ದು ಬಿಚ್ಚಿದಾಗ ನೈಟ್ರೈಲ್ ಆಗಿರಬಹುದು.