ಟ್ಯೂಬ್ ಪ್ರೀಆಂಪನ್ನು ಟ್ರಾನ್ಸಿಸ್ಟರ್ ಪವರ್ ಆಂಪಿಗೆ ಜೋಡಿಸುವ ಮುಂಚೆ ಡಿಸಿ ಅಳೆದು ನೋಡಿ

ಟ್ಯೂಬ್ ಪ್ರೀಆಂಪ್ (ಸಣ್ಣ ಸಿಗ್ನಲ್ಲನ್ನು ಮೊದಲು ಹದ ಮಾಡುವ ಪೆಟ್ಟಿಗೆ) ತಂದು ಟ್ರಾನ್ಸಿಸ್ಟರ್ ಪವರ್ ಆಂಪಿಗೆ (ಸ್ಪೀಕರ್ ನುಡಿಸುವ ಪೆಟ್ಟಿಗೆ) ಜೋಡಿಸಬೇಕು ಅಂತಿರುವವರು, ಅದರಲ್ಲೂ ಎರಡನ್ನೂ ಸೆಕೆಂಡ್ ಹ್ಯಾಂಡಲ್ಲಿ ಕೊಳ್ಳುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಈ ಮಳೆಗಾಲದಲ್ಲಿ ನನ್ನ ಎಡಗಡೆ ಸ್ಪೀಕರಿನ ಎಂಟಿಂಚಿನ ವೂಫರ್, ಅಂದರೆ ಕೆಳಗಿನ ಸ್ವರ ನುಡಿಸುವ ಭಾಗ, ಸುಟ್ಟುಹೋಯಿತು. ಜೋರಾಗಿ ಹಾಕಿದ್ದಕ್ಕಲ್ಲ, ಪಕ್ಕದ ಕೋಣೆಗೂ ಕೇಳದಷ್ಟು ಸಣ್ಣ ವಾಲ್ಯೂಮಿನಲ್ಲಿ, ಹಾಡು ನಡೆಯುತ್ತಿದ್ದಾಗಲೇ. ಅಂಥ ವೂಫರ್ ಈಗ ಹೊಸದಾಗಿ ಸಿಗುವುದಿಲ್ಲ.

ಪ್ರೀಆಂಪ್ ಆನ್‌ಲೈನಿನಲ್ಲಿ ಸಿಕ್ಕಿದ್ದು, ಮನೆಯಲ್ಲೇ ಜೋಡಿಸಿ ಮಾರುವ ಒಬ್ಬರಿಂದ. ಒಳಗೆ 12ಎಎಕ್ಸ್7 ಟ್ಯೂಬು, ಅಂದರೆ ಹಳೇ ರೇಡಿಯೋ ರಿಪೇರಿಯವರು ಇಸಿಸಿ83 ಅನ್ನುವ ವಾಲ್ವು. ಪವರ್ ಆಂಪ್ ಶಿವಮೊಗ್ಗದ ಒಂದು ರಿಪೇರಿ ಅಂಗಡಿಯದು. ಯಾವುದಕ್ಕೆ ಯಾವುದನ್ನು ಜೋಡಿಸುತ್ತೇನೆ ಅಂತ ಇಬ್ಬರಿಗೂ ಮೊದಲೇ ಹೇಳಿದ್ದೆ. “ಧಾರಾಳವಾಗಿ ಹಾಕಿ ಸಾರ್” ಅಂದರು ಒಬ್ಬರು. “ಏನೂ ತೊಂದ್ರೆ ಇಲ್ಲ ಅಣ್ಣಾ” ಅಂದ ಇನ್ನೊಬ್ಬ.

ಬೇಸಿಗೆಯಲ್ಲಿ ನಿಜಕ್ಕೂ ಚೆನ್ನಾಗಿತ್ತು. ಯಕ್ಷಗಾನದ ಹಳೇ ರೆಕಾರ್ಡಿಂಗ್ ಹಾಕಿದರೆ ಭಾಗವತರು ಪದದ ಮಧ್ಯೆ ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ಆಮೇಲೆ ಪುನರ್ವಸು ಮಳೆ ಹಿಡಿಯಿತು. ನಮ್ಮ ತೀರ್ಥಹಳ್ಳಿ ಕಡೆ ಆ ಮಳೆಯಲ್ಲಿ ಮನೆಯೊಳಗೆ ಏನೂ ಒಣಗುವುದಿಲ್ಲ, ಬೆಲ್ಟಿಗೂ ಪುಸ್ತಕದ ಬೆನ್ನಿಗೂ ಬೂಷ್ಟು. ಕರೆಂಟು ಹೋಗಿ ಬರುವುದಂತೂ ಕೇಳಲೇಬೇಡಿ. ಅವತ್ತು ಸಂಜೆಯೂ ಹೋಯಿತು, ಸ್ವಲ್ಪ ಹೊತ್ತಿಗೆ ಬಂತು. ಬಂದಾಗ ಸ್ಪೀಕರಿನಲ್ಲಿ ದಬ್ ಅಂತ ದೊಡ್ಡ ಸದ್ದು, ಆಮೇಲೆ ಹಾಡು ಮಾಮೂಲಿನಂತೆ ಶುರುವಾಯಿತು. ಒಳಗಿನಿಂದ ಅಪ್ಪಯ್ಯ “ಏನೋ ಸುಟ್ಟ ವಾಸನೆ ಕಣೋ, ನೋಡು” ಅಂದರು. ಹೋಗಿ ಟಾರ್ಚು ಹಿಡಿದು ನೋಡಿದರೆ ಎಡಗಡೆ ವೂಫರಿನ ಕೋನು ಮುಂದಕ್ಕೆ ಉಬ್ಬಿ ಹಾಗೇ ನಿಂತಿದೆ. ಹಾಡಿಗೆ ಸಣ್ಣಗೆ ನಡುಗುತ್ತಿದೆ, ಆದರೆ ಹಿಂದಕ್ಕೆ ಬರುತ್ತಿಲ್ಲ. ಅಂಚಿನಿಂದ ವಾರ್ನಿಶ್ ಸುಟ್ಟ ಘಾಟು. ಸ್ವಿಚ್ಚಿಗೆ ಕೈ ಹೋಗುವಷ್ಟರಲ್ಲಿ ಆ ಕಡೆಯ ದನಿ ನಿಂತಿತು. ಮಲ್ಟಿಮೀಟರ್ ಇಟ್ಟರೆ ಆರು ಓಮ್ ತೋರಿಸಬೇಕಾದ ಕಾಯಿಲ್ ಪೂರ್ತಿ ಓಪನ್, ಅಂದರೆ ತಂತಿ ತುಂಡಾಗಿದೆ.

ಭದ್ರಾವತಿಯಲ್ಲಿ ರೇಡಿಯೋ ಕಾಲದಿಂದ ಈ ಕೆಲಸ ಬಲ್ಲ ಹಿರಿಯರೊಬ್ಬರಿದ್ದಾರೆ. ಎರಡು ಪೆಟ್ಟಿಗೆಯನ್ನೂ ಅವರ ಮುಂದಿಟ್ಟೆ. ಅವರು ಬಿಚ್ಚಿ ತೋರಿಸಿದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ಇಂಥ ಪೆಟ್ಟಿಗೆಗಳು ಇನ್ನೂ ಎಷ್ಟೋ ಮನೆಗಳಲ್ಲಿ ಇರಬಹುದು.

ಟ್ಯೂಬಿನ ಪ್ಲೇಟಿನಲ್ಲಿ (ಸಂಗೀತ ಹೊರಬರುವ ತುದಿ) ಸಂಗೀತದ ಜೊತೆಗೆ ನೂರಾರು ವೋಲ್ಟ್ ಡಿಸಿಯೂ, ಅಂದರೆ ಬ್ಯಾಟರಿಯ ಹಾಗೆ ಒಂದೇ ದಿಕ್ಕಿನ ವೋಲ್ಟೇಜೂ, ಇರುತ್ತದೆ. ನನ್ನದರಲ್ಲಿ ಅದು 150 ವೋಲ್ಟ್. ಈ ಡಿಸಿಯನ್ನು ತಡೆದು ಸಂಗೀತವನ್ನಷ್ಟೇ ಹೊರಗೆ ಬಿಡುವುದು ಔಟ್‌ಪುಟ್ಟಿನ ಕಪ್ಲಿಂಗ್ ಕೆಪಾಸಿಟರ್. ಆ ಜಾಗಕ್ಕೆ ಮಾರಿದವರು ಹಾಕಿದ್ದು ಹಳೇ ಕಾಲದ, ಎಣ್ಣೆಯಲ್ಲಿ ಅದ್ದಿದ ಪೇಪರ್ ಕೆಪಾಸಿಟರ್. ದನಿ ಮಧುರ ಅಂತ ಅದನ್ನೇ ವಿಶೇಷ ಅಂತ ಹೇಳಿ ಮಾರಿದ್ದರು. ಪೇಪರಿಗೆ ತೇವ ಆಗದು. ವಯಸ್ಸಾದ ಸೀಲು ಬಿರುಕು ಬಿಟ್ಟರೆ ಮಲೆನಾಡಿನ ಗಾಳಿ ಒಳಗೆ ಹೋಗುತ್ತದೆ, ಕೆಪಾಸಿಟರ್ ಡಿಸಿಯನ್ನು ಸೋರಬಿಡಲು ಶುರುಮಾಡುತ್ತದೆ. ಸಾಲದ್ದಕ್ಕೆ, ಕರೆಂಟು ಬಂದ ತಕ್ಷಣ ಟ್ಯೂಬು ಇನ್ನೂ ತಣ್ಣಗಿರುತ್ತದೆ, ಕರೆಂಟು ಎಳೆಯುವುದಿಲ್ಲ, ಆಗ ಪ್ಲೇಟಿಗೆ ಸಪ್ಲೈಯ ಪೂರ್ತಿ 300 ವೋಲ್ಟ್ ಬೀಳುತ್ತದೆ. ನನ್ನ ಕೆಪಾಸಿಟರಿನ ಮೇಲೆ ಬರೆದಿದ್ದ ಮಿತಿ 200 ವೋಲ್ಟ್.

ಪ್ರೀಆಂಪಿನ ಎಡಗಡೆ ಔಟ್‌ಪುಟ್ಟಿಗೆ ಪವರ್ ಆಂಪಿನ ಬದಲು 47 ಕಿಲೋ ಓಮ್ ರೆಸಿಸ್ಟರ್ ಹಾಕಿ ಅಳೆದಾಗ 0.7 ವೋಲ್ಟ್ ಡಿಸಿ ಬಂತು, ಬಲಗಡೆ ಕೆಲವೇ ಮಿಲಿವೋಲ್ಟ್. ಮುಕ್ಕಾಲು ವೋಲ್ಟಿಗೂ ಕಡಿಮೆ, ಅದರಿಂದೇನು ಅನ್ನಿಸುತ್ತದೆ. ಅಲ್ಲೇ ಪವರ್ ಆಂಪಿನ ಕಥೆ ಸೇರಿಕೊಳ್ಳುವುದು.

ಸಾಮಾನ್ಯವಾಗಿ ಪವರ್ ಆಂಪಿನ ಇನ್‌ಪುಟ್ಟಿನಲ್ಲೂ ಒಂದು ಕೆಪಾಸಿಟರ್ ಇರುತ್ತದೆ, ಫೀಡ್‌ಬ್ಯಾಕ್ ದಾರಿಯಲ್ಲಿ (ಔಟ್‌ಪುಟ್ಟಿನ ಒಂದು ಪಾಲು ಹಿಂದಕ್ಕೆ ಬರುವ ದಾರಿ) ಇನ್ನೊಂದು. ಮೊದಲನೆಯದು ಡಿಸಿ ಒಳಗೆ ಬಾರದಂತೆ ತಡೆಯುತ್ತದೆ. ಎರಡನೆಯದು, ಬಂದರೂ ದೊಡ್ಡದಾಗದಂತೆ ನೋಡಿಕೊಳ್ಳುತ್ತದೆ. ರಿಪೇರಿ ಅಂಗಡಿಯವನು “ಸೌಂಡ್ ಕ್ಲಿಯರ್ ಬರ್ಲಿ” ಅಂತ ಎರಡನ್ನೂ ತೆಗೆದು ತಂತಿ ಹಾಕಿದ್ದ. ಹೀಗಾದರೆ ಸಂಗೀತಕ್ಕೆ ಎಷ್ಟು ಗೇನ್ (ಎಷ್ಟು ಪಟ್ಟು ದೊಡ್ಡದಾಗುತ್ತದೆ ಅನ್ನುವ ಲೆಕ್ಕ) ಉಂಟೋ ಡಿಸಿಗೂ ಅಷ್ಟೇ. ನನ್ನ ಆಂಪಿನ ಗೇನ್ ಸುಮಾರು 30. ಅಂದರೆ ಸ್ಪೀಕರಿಗೆ 21 ವೋಲ್ಟ್ ಡಿಸಿ, ಆರು ಓಮ್ ಕಾಯಿಲಿನಲ್ಲಿ 70 ವ್ಯಾಟಿಗೂ ಹೆಚ್ಚು ಶಾಖ, ಒಂದೇ ಸಮನೆ. ಡಿಸಿಗೆ ದನಿ ಇಲ್ಲ. ಆಂಪಿನ ಸಪ್ಲೈ 40 ವೋಲ್ಟ್ ಇದ್ದದ್ದರಿಂದ ಸಣ್ಣ ವಾಲ್ಯೂಮಿನ ಹಾಡಿಗೆ ಇನ್ನೂ ಜಾಗ ಉಳಿದಿತ್ತು, ಅದಕ್ಕೇ ಕಾಯಿಲ್ ಬೇಯುತ್ತಿದ್ದರೂ ಹಾಡು ಕೆಡಲಿಲ್ಲ.

ಇಷ್ಟಾದರೂ ಸ್ಪೀಕರ್ ಉಳಿಯಬೇಕಿತ್ತು. ಔಟ್‌ಪುಟ್ಟಿನಲ್ಲಿ ಡಿಸಿ ಕಂಡರೆ ಸ್ಪೀಕರನ್ನು ಕತ್ತರಿಸುವ ರಿಲೇ ಆ ಆಂಪಿನಲ್ಲಿತ್ತು. ಅದರ ಕಾಂಟ್ಯಾಕ್ಟು ಥಂಡಿಗೆ ಕಪ್ಪಾಗಿ ಒಂದು ಕಡೆ ದನಿ ಬಿಟ್ಟು ಬಿಟ್ಟು ಬರುತ್ತಿತ್ತಂತೆ. ಹೊಸ ರಿಲೇ ಹಾಕುವ ಬದಲು ಅದಕ್ಕೂ ತಂತಿ ಬೆಸೆದು ನನಗೆ ಮಾರಿದ್ದಾನೆ. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ. ರಿಲೇ ಏನು ಲಕ್ಷ ರೂಪಾಯಿಯ ಸಾಮಾನಲ್ಲ, ಮತ್ತು ಅದನ್ನು ತೆಗೆದ ವಿಷಯ ಕೊಳ್ಳುವವನಿಗೆ ಹೇಳಲೇಬೇಕಾದದ್ದು.

ಇಬ್ಬರಿಗೂ ಫೋನ್ ಮಾಡಿದೆ. “ಪವರ್ ಆಂಪ್ ಸರಿ ಇದ್ದಿದ್ರೆ ಏನೂ ಆಗ್ತಿರ್ಲಿಲ್ಲ ಸಾರ್” ಅಂದರು ಪ್ರೀಆಂಪ್ ಮಾರಿದವರು. “ಟ್ಯೂಬ್ ಹಾಕಿದ್ರೆ ಹಂಗೇ ಅಣ್ಣಾ, ನಂದೇನಿದೆ” ಅಂದ ಅಂಗಡಿಯವನು. ದುಡ್ಡು ಯಾರೂ ಕೊಡಲಿಲ್ಲ. ಒಬ್ಬರ ಕೆಲಸ ನೆಟ್ಟಗಿದ್ದರೂ ವೂಫರ್ ಉಳಿಯುತ್ತಿತ್ತು ಅನ್ನುವುದು ಮಾತ್ರ ನಿಜ.

ಹಾಗಾಗಿ ಜೋಡಿಸುವ ಮುಂಚೆ ಸ್ಪೀಕರ್ ವೈರು ಬಿಚ್ಚಿಟ್ಟು ಅಳೆಯಿರಿ. ಪ್ರೀಆಂಪ್ ಔಟ್‌ಪುಟ್ಟಿನ ಸಿಗ್ನಲ್ ಮತ್ತು ಗ್ರೌಂಡ್ ನಡುವೆ 47 ಕಿಲೋ ಓಮ್ ಹಾಕಿ, ಮೀಟರ್ ಡಿಸಿಯಲ್ಲಿಡಿ. ಮೊದಲ ಒಂದು ನಿಮಿಷ ಮುಳ್ಳು ಹಾರಾಡುತ್ತದೆ, ಅದು ಸಹಜ. ಹತ್ತು ನಿಮಿಷದ ಮೇಲೂ ಹತ್ತಾರು ಮಿಲಿವೋಲ್ಟ್ ನಿಂತಿದ್ದರೆ ಆ ಕೆಪಾಸಿಟರ್ ಬೇಡ. ಬದಲಿಗೆ 400 ಅಥವಾ 630 ವೋಲ್ಟಿನ ಪಾಲಿಪ್ರೊಪಿಲೀನ್ ಹಾಕಿಸಿ. ಆಮೇಲೆ ಎರಡನ್ನೂ ಜೋಡಿಸಿ ಪವರ್ ಆಂಪಿನ ಸ್ಪೀಕರ್ ಟರ್ಮಿನಲ್ಲಿನಲ್ಲಿ ಅಳೆಯಿರಿ, 50 ಮಿಲಿವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ. ಮುಚ್ಚಳ ಮಾತ್ರ ನೀವೇ ತೆಗೆಯಬೇಡಿ. ಸ್ವಿಚ್ ಆಫ್ ಮಾಡಿದ ಮೇಲೂ ಒಳಗೆ ಜೀವ ತೆಗೆಯುವಷ್ಟು ವೋಲ್ಟೇಜು ಉಳಿದಿರುತ್ತದೆ.

ಪವರ್ ಆಂಪ್ ಕೊಳ್ಳುವಾಗ ಆನ್ ಮಾಡಿ ಕಿವಿಗೊಡಿ. ರಿಲೇ ಇರುವ ಮಾಡೆಲ್ ಆದರೆ ಕೆಲವು ಸೆಕೆಂಡಿನ ಮೇಲೆ ಟಿಕ್ ಅನ್ನಬೇಕು, ದನಿ ಅದಾದ ಮೇಲೇ ಬರಬೇಕು. ಆನ್ ಮಾಡಿದ ಕೂಡಲೇ ದನಿ ಬಂದರೆ ಯಾಕೆ ಅಂತ ಕೇಳಿ. ಇನ್‌ಪುಟ್ ಕೆಪಾಸಿಟರ್ ತೆಗೆದಿದ್ದಾರೆಯೇ ಅಂತಲೂ ಬಾಯಿಬಿಟ್ಟು ಕೇಳಿ. ತೆಗೆದಿದ್ದರೆ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ವಾಪಸ್ ಹಾಕಿಸಿ. 47 ಕಿಲೋ ಓಮ್ ಇನ್‌ಪುಟ್ಟಿಗೆ ಅದು ಕಡಿಯುವುದು 3.4 ಹರ್ಟ್ಸಿನ ಕೆಳಗಿನ ಸ್ವರವನ್ನು ಮಾತ್ರ, ಸಂಗೀತಕ್ಕೆ ಏನೂ ನಷ್ಟವಿಲ್ಲ.

ಇನ್‌ಪುಟ್ ಇಂಪಿಡೆನ್ಸ್ (ಬರುವ ಸಿಗ್ನಲ್ಲಿಗೆ ಇನ್‌ಪುಟ್ ಒಡ್ಡುವ ತಡೆ) ವಿಷಯವೂ ಇದೆ, ಅದರಿಂದ ಏನೂ ಸುಡುವುದಿಲ್ಲ, ದನಿ ಸೊರಗುತ್ತದೆ ಅಷ್ಟೆ. ಸ್ಟೇಜ್ ಶೋಗಳ ಕೆಲವು ಪವರ್ ಆಂಪುಗಳಲ್ಲಿ ಅದು 10 ಕಿಲೋ ಓಮ್ ಮಾತ್ರ. ಪ್ರೀಆಂಪಿನ ಕೆಪಾಸಿಟರ್ 0.1 ಮೈಕ್ರೋಫ್ಯಾರಡ್ ಇದ್ದರೆ ಸುಮಾರು 160 ಹರ್ಟ್ಸಿನಿಂದಲೇ ಕೆಳಗಿನ ಸ್ವರ ಇಳಿಯುತ್ತಾ ಹೋಗುತ್ತದೆ, ಮದ್ದಳೆಯ ತುಂಬು ನಾದ ಸಿಗುವುದಿಲ್ಲ. ಪ್ರೀಆಂಪ್ ಔಟ್‌ಪುಟ್ ಇಂಪಿಡೆನ್ಸಿನ ಹತ್ತು ಪಟ್ಟಾದರೂ ಪವರ್ ಆಂಪಿನ ಇನ್‌ಪುಟ್ ಇರಲಿ.

ಕರೆಂಟಿನ ವಿಷಯ ನಮ್ಮ ಕಡೆಯವರಿಗೆ ಎಲ್ಲಕ್ಕಿಂತ ಮುಖ್ಯ. ಮೊದಲು ಪ್ರೀಆಂಪ್ ಆನ್ ಮಾಡಿ, ಒಂದು ನಿಮಿಷ ಬಿಟ್ಟು ಪವರ್ ಆಂಪ್. ಆಫ್ ಮಾಡುವಾಗ ಪವರ್ ಆಂಪ್ ಮೊದಲು. ಆದರೆ ನೀವು ಎಷ್ಟೇ ಕ್ರಮ ಪಾಲಿಸಿದರೂ, ಹೋದ ಕರೆಂಟು ಬಂದಾಗ ಎರಡೂ ಒಟ್ಟಿಗೇ ಎದ್ದುಕೊಳ್ಳುತ್ತವೆ. ಅದಕ್ಕೆ ಭದ್ರಾವತಿಯ ಹಿರಿಯರು ನನ್ನ ಪವರ್ ಆಂಪಿನ ಲೈನಿಗೆ ಒಂದು ಕಾಂಟ್ಯಾಕ್ಟರ್ ಹಾಕಿಕೊಟ್ಟಿದ್ದಾರೆ. ತೋಟದ ಪಂಪಿನ ಆಟೋ ಇಲ್ಲದ ಸ್ಟಾರ್ಟರಿನ ಹಾಗೆ, ಕರೆಂಟು ಹೋದರೆ ಬಿಟ್ಟುಕೊಳ್ಳುತ್ತದೆ, ನಾವೇ ಹೋಗಿ ಬಟನ್ ಒತ್ತುವವರೆಗೆ ಹಿಡಿಯುವುದಿಲ್ಲ. ಊರಿನ ಯಾವ ಎಲೆಕ್ಟ್ರಿಷಿಯನ್ ಬೇಕಾದರೂ ಇದನ್ನು ಕೂರಿಸಿಕೊಡಬಲ್ಲ.

ಹಳೇ ಪೇಪರ್ ಕೆಪಾಸಿಟರ್ ಇರುವ ಪ್ರೀಆಂಪ್ ಈಗಾಗಲೇ ಜೋಡಿಸಿಕೊಂಡು ಕೇಳುತ್ತಿರುವವರು ಇವತ್ತೇ ಸ್ಪೀಕರ್ ವೈರು ಬಿಚ್ಚಿ ಒಮ್ಮೆ ಅಳೆಯಿರಿ. ಬೇಸಿಗೆಯಲ್ಲಿ ಅಳೆದು ಸರಿ ಬಂದಿದ್ದರೂ ಮಳೆಗಾಲದಲ್ಲಿ ಮತ್ತೆ ಅಳೆಯಿರಿ.