ಲಾರಿ ತೊಳೆದ ನೀರಿನ ಟ್ಯಾಂಕ್ ತೂತಾದರೆ, ಪ್ಯಾಚ್ ಹಾಕಿಸುವ ಮುಂಚೆ ತಳದ ಕಪ್ಪು ಕೆಸರು ನೋಡಿ

ಮಂಡ್ಯ ಕಡೆಯ ಒಂದು ವಾಟರ್ ಸರ್ವೀಸ್‌ನಲ್ಲಿ ಎಣ್ಣೆ ನೀರು ಹಿಡಿದಿಡುವ 5 ಎಂಎಂ ಪ್ಲೇಟಿನ ಟ್ಯಾಂಕ್ ಮೂರನೇ ವರ್ಷಕ್ಕೇ ತಳದಲ್ಲಿ ತೂತು ಬಿತ್ತು. ಮಳೆ ನೀರಿನ ತುಕ್ಕು ಅಂತ ಪ್ಯಾಚ್ ವೆಲ್ಡಿಂಗ್ ಮಾಡಿ, ಹೊರಗೆ ಪೇಂಟ್ ಬಳಿದರು. ಕೆಲವೇ ತಿಂಗಳಲ್ಲಿ ಪ್ಯಾಚ್ ಪಕ್ಕದಲ್ಲೇ ಇನ್ನೆರಡು ತೂತು. ಪ್ಲೇಟ್ ಕಳಪೆ ಎಂದು ಅಂಗಡಿಯವರೊಡನೆ ಜಗಳವೂ ಆಯಿತು. ಪ್ಲೇಟಿನದೇನೂ ತಪ್ಪಿರಲಿಲ್ಲ, ತೂತು ಬಿದ್ದದ್ದು ಒಳಗಿನಿಂದ.

ಇಂಥ ಟ್ಯಾಂಕಿನಲ್ಲಿ ಡೀಸೆಲ್, ಗ್ರೀಸು ಮೇಲೆ ತೇಲಿ ಗಾಳಿ ಇಳಿಯದಂತೆ ಮುಚ್ಚುತ್ತವೆ. ಅದರ ಕೆಳಗಿನ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಡೀಸೆಲ್ಲನ್ನೇ ತಿಂದು, ನೀರಿನಲ್ಲಿ ಉಳಿದ ಆಮ್ಲಜನಕವನ್ನು ಮುಗಿಸಿ, ಆಮ್ಲಗಳನ್ನು ಬಿಡುತ್ತವೆ. ಆಮೇಲೆ ತಳದ ಕೆಸರಿನಲ್ಲಿ ಡೀಸಲ್ಫೋವಿಬ್ರಿಯೊದಂಥ, ಗಾಳಿ ಬೇಡದ ಬ್ಯಾಕ್ಟೀರಿಯಾಗಳ ಕಾರುಬಾರು ಶುರು. ಇವು ಆಮ್ಲಜನಕದ ಬದಲು ನೀರಿನಲ್ಲಿ ಕರಗಿದ ಸಲ್ಫೇಟ್ ಎಂಬ ಗಂಧಕದ ಲವಣವನ್ನು ಉಸಿರಾಡಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷ ಗ್ಯಾಸ್ ಬಿಡುತ್ತವೆ. ಅದು ಕಬ್ಬಿಣದೊಂದಿಗೆ ಸೇರಿ ಕಪ್ಪು ಐರನ್ ಸಲ್ಫೈಡ್ ಆಗುತ್ತದೆ. ಆ ಕಪ್ಪು ಪದರಕ್ಕೂ ಪಕ್ಕದ ಬರಿ ಕಬ್ಬಿಣಕ್ಕೂ ನಡುವೆ ಬ್ಯಾಟರಿಯಂತೆ ವಿದ್ಯುತ್ ಹರಿದು, ಪ್ಲೇಟ್ ಸಮನಾಗಿ ಸವೆಯದೆ ಒಂದೊಂದೇ ಕಡೆ ಆಳವಾಗಿ ಗುಳಿ ಬೀಳುತ್ತದೆ. ಹೊರಗಿನ ಪೇಂಟಿನಿಂದ ಇದಕ್ಕೆ ಏನೂ ಆಗುವುದಿಲ್ಲ.

ಸಲ್ಫೇಟ್ ಎಲ್ಲಿಂದ ಬಂತು? ಬೋರ್‌ವೆಲ್ ನೀರಿನಲ್ಲಿ ಸ್ವಲ್ಪ ಇರುತ್ತದೆ. ಹೆಚ್ಚಿನದನ್ನು ನಾವೇ ಹಾಕುತ್ತೇವೆ: ಹಲವು ಅಗ್ಗದ ವಾಷಿಂಗ್ ಪೌಡರ್‌ಗಳ ತೂಕ ಹೆಚ್ಚಿಸುವುದೇ ಸೋಡಿಯಂ ಸಲ್ಫೇಟ್. ಮೇಲಾಗಿ ಈ ಪುಡಿ ಎಣ್ಣೆಯನ್ನು ನೀರಿನಲ್ಲಿ ಹಾಲಿನಂತೆ ಕದಡಿಬಿಡುವುದರಿಂದ ಎಣ್ಣೆ, ನೀರು ಬೇರ್ಪಡಿಸುವ ಸೆಪರೇಟರ್ ಕೂಡ ಕೆಲಸ ಮಾಡುವುದಿಲ್ಲ. ಕಬ್ಬು ನುರಿಯುವ ಕಾಲದಲ್ಲಿ ಕಬ್ಬಿನ ಲಾರಿ, ಟ್ರ್ಯಾಕ್ಟರ್ ತೊಳೆದ ಸಿಹಿ ನೀರೂ ಬಂದರೆ ಅದು ಹುಳಿತು ಈ ಜೀವಿಗಳಿಗೆ ಮೇವಾಗುತ್ತದೆ. ನಮ್ಮ ಕಡೆಯ 25–35 ಡಿಗ್ರಿ ಶಾಖ ಅವಕ್ಕೆ ಹೇಳಿ ಮಾಡಿಸಿದ್ದು.

ಖಚಿತಪಡಿಸಿಕೊಳ್ಳಲು ತಳದ ಕೆಸರನ್ನು ಒಂದು ಚಿಟಿಕೆ, ಹೆಚ್ಚು ಬೇಡ, ಬಯಲಲ್ಲಿ ಇಟ್ಟು ತೆಳು ಹೈಡ್ರೋಕ್ಲೋರಿಕ್ ಆಮ್ಲ ಎರಡು ಹನಿ ಹಾಕಿ. ಮೇಲೆ ಹಿಡಿದ ಒದ್ದೆ ಲೆಡ್ ಅಸಿಟೇಟ್ ಕಾಗದ ಕಪ್ಪಾದರೆ ಸಲ್ಫೈಡ್ ಇದೆ. ಟ್ಯಾಂಕಿಗೆ ಮಾತ್ರ ಆಮ್ಲ ಸುರಿಯಬೇಡಿ. ಕೆಸರಿನಿಂದ ಒಮ್ಮೆಲೇ ಏಳುವ ಗ್ಯಾಸ್ ಪ್ರಾಣ ತೆಗೆಯುತ್ತದೆ. ಕೊಳೆತ ಮೊಟ್ಟೆ ವಾಸನೆ ಬಂದರೆ ಗೊತ್ತಾಗುತ್ತದೆ ಅಂತ ನಂಬಲೂಬೇಡಿ, ಸುಮಾರು 100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಗೆ 100 ಪಾಲು ಗ್ಯಾಸ್) ದಾಟಿದರೆ ಮೂಗು ಸತ್ತು ವಾಸನೆಯೇ ತಿಳಿಯದು. ಗ್ಯಾಸ್ ಮೀಟರಿನಲ್ಲಿ ನೋಡದೆ, ಬ್ಲೋವರ್ ಹಾಕದೆ, ಮೇಲೆ ಒಬ್ಬ ಕಾವಲಿಲ್ಲದೆ ಯಾರನ್ನೂ ಇಳಿಸಬೇಡಿ. ಎಣ್ಣೆ ಆವಿ ಇರುವಾಗ ವೆಲ್ಡಿಂಗ್ ಅಂತೂ ಬೇಡವೇ ಬೇಡ. ತೆಗೆದ ಕಪ್ಪು ಕೆಸರನ್ನು ಒಣಗಲು ಬಿಡದೆ ಒದ್ದೆಯಾಗಿಡಿ, ಒಣಗಿದ ಐರನ್ ಸಲ್ಫೈಡ್ ಗಾಳಿಗೆ ತಾನೇ ಕಾದು ಹೊತ್ತಿಕೊಳ್ಳಬಹುದು.

ಸರಿಪಡಿಸುವುದು ಹೀಗೆ: ಎಣ್ಣೆ, ಕೆಸರು ಪೂರ್ತಿ ತೆಗೆದು, ಜೆಟ್ ನೀರಿನಲ್ಲಿ ತೊಳೆದು, ಒಳಭಾಗಕ್ಕೆ ಬ್ಲಾಸ್ಟಿಂಗ್ (ಗಟ್ಟಿ ಕಣಗಳನ್ನು ರಭಸದಿಂದ ಹೊಡೆದು ತುಕ್ಕು ಕೀಳುವುದು) ಮಾಡಿಸಿ, ಅಲ್ಟ್ರಾಸಾನಿಕ್ ಗೇಜಿನಲ್ಲಿ ದಪ್ಪ ನೋಡಿ. ಗುಳಿ ಬಿದ್ದ ಪ್ಲೇಟನ್ನು ಕತ್ತರಿಸಿ ಬದಲಿಸಿ, ಒಳಗೆ ಎಪಾಕ್ಸಿ ಪೇಂಟ್ ಹೊಡೆಸಿ. ತಳ ಒಂದೇ ಕಡೆಗೆ ಇಳಿಜಾರಿರಲಿ, ಅತಿ ತಗ್ಗಿನಲ್ಲಿ ಡ್ರೈನ್ ವಾಲ್ವ್ ಕೂರಿಸಿ ವಾರಕ್ಕೊಮ್ಮೆ ಕಪ್ಪು ಹೋಗುವ ತನಕ ಬಸಿಯಿರಿ. ಪುಡಿಯ ಬದಲು ಸಲ್ಫೇಟ್ ಇಲ್ಲದ, ಎಣ್ಣೆ ಬೇಗ ಬೇರ್ಪಡುವ ತೊಳೆಯುವ ದ್ರವ ಬಳಸಿ. ಗ್ಲುಟರಾಲ್ಡಿಹೈಡ್‌ನಂಥ ಬಯೋಸೈಡ್ (ಈ ಜೀವಿಗಳನ್ನು ಕೊಲ್ಲುವ ಔಷಧಿ) ಕೆಸರಿನೊಳಕ್ಕೆ ಇಳಿಯದು, ತೊಳೆದ ಮೇಲೆ ಹಾಕಿದರಷ್ಟೇ ಪ್ರಯೋಜನ. ಬ್ಲೀಚಿಂಗ್ ಪೌಡರ್ ಎಣ್ಣೆಯ ಜೊತೆಗೇ ಖರ್ಚಾಗಿ ಹೋಗುತ್ತದೆ, ಹಿಂದೆ ಉಳಿದ ಕ್ಲೋರೈಡ್ ಗುಳಿಗೆ ಇನ್ನಷ್ಟು ನೆರವು.

ಮೇಲೆ ತೇಲಿದ ಡೀಸೆಲ್ ತೆಗೆದು ಜನರೇಟರಿಗೆ ಸುರಿಯುವವರೂ ಇದ್ದಾರೆ. ಜೊತೆಗೆ ಹೋದ ಜೀವಿಗಳು ಜನರೇಟರ್ ಟ್ಯಾಂಕಿನ ತಳದ ನೀರಿನಲ್ಲಿ ಬೆಳೆದು ಲೋಳೆಯಾಗಿ ಫಿಲ್ಟರ್ ಕಟ್ಟುತ್ತವೆ. ತೆಗೆದ ಡೀಸೆಲ್ಲನ್ನು ಡ್ರಮ್ಮಿನಲ್ಲಿ ಬೇರೆ ಇಟ್ಟು, 90 ದಿನ ಮೀರುವ ಮುಂಚೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಬಳಕೆದಾರರಿಗೆ ಕೊಡಿ, ರಸೀದಿ ಇಟ್ಟುಕೊಳ್ಳಿ.