ಕಲಬುರಗಿ ಬಿಸಿಲಿನಲ್ಲಿ ಆರು ವರ್ಷ: ಒಂದು ಹಳೆಯ ಲ್ಯಾಪ್‌ಟಾಪ್‌ನ ವಿಮರ್ಶೆ

2019ರಲ್ಲಿ, ಬಿ.ಎ.ಗೆ ಸೇರಿದ ವಾರವೇ, ಸೂಪರ್ ಮಾರ್ಕೆಟ್ ಹತ್ತಿರದ ಅಂಗಡಿಯೊಂದರಲ್ಲಿ ಇದನ್ನು 14,500 ರೂಪಾಯಿಗೆ ಕೊಂಡೆ. ಬೆಂಗಳೂರಿನ ಯಾವುದೋ ಕಚೇರಿ ಬಳಸಿ ಬಿಟ್ಟ ಮಾಲು. ಮುಚ್ಚಳದ ಮೇಲೆ ಅವರ ಸಂಖ್ಯೆಯ ಚೀಟಿ ಈಗಲೂ ಇದೆ. 2012ರ ಸುಮಾರಿನ, ಮೂರನೇ ತಲೆಮಾರಿನ ಐ5 ಪ್ರೊಸೆಸರ್, 4 ಜಿಬಿ ರ‍್ಯಾಮ್, 320 ಜಿಬಿ ಹಾರ್ಡ್ ಡಿಸ್ಕ್, 14 ಇಂಚಿನ ಪರದೆ. "ಹಳೆಯದಕ್ಕೆ ಇಷ್ಟೊಂದು ದುಡ್ಡೇ?" ಎಂದರು ಅಪ್ಪ.

ಅಪ್ಪ ತೊಗರಿ ಬೇಳೆ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದವರು. ನಾನು ಮೊದಲು ಕಂಡ ಕಂಪ್ಯೂಟರ್ ಆ ಮಿಲ್ಲಿನದೇ. ಹೊರಗೆಲ್ಲ ಹೊಟ್ಟಿನ ಧೂಳು. ಆ ಒಂದು ಕೋಣೆಗೆ ಮಾತ್ರ ಗಾಜಿನ ಬಾಗಿಲು, ಎ.ಸಿ. ಗುಡಿಗೆ ಹೋದಂತೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿತ್ತು. ಟ್ಯಾಲಿ ಲೆಕ್ಕ ಮುಗಿದು ವಿಂಡೋಸ್ ಎಕ್ಸ್‌ಪಿಯ ಹಸಿರು ಗುಡ್ಡ ಕಾಣಿಸಿದ ಮೇಲೆ ಹತ್ತು ನಿಮಿಷ ಪೇಂಟ್‌ನಲ್ಲಿ ಗೀಚಲು ಬಿಡುತ್ತಿದ್ದರು. ಮೇ ತಿಂಗಳಲ್ಲಿ ನಮ್ಮ ಊರಿನವರಿಗೆ ಅಂಥ ಗುಡ್ಡ ಕಾಣಬೇಕೆಂದರೆ ಆ ಪರದೆಯೇ ಗತಿ.

ಶಾಲೆಯಲ್ಲಿ ಕಂಪ್ಯೂಟರ್ ಕೋಣೆಗೆ ಬೀಗ. ಸಿಪಿಯು ಚಿತ್ರವನ್ನು ಕಪ್ಪು ಹಲಗೆಯಿಂದ ನೋಟ್‌ಬುಕ್ಕಿಗೆ ಇಳಿಸಿಕೊಂಡೇ ಪಾಸಾದೆವು. ಆಮೇಲೆ ಗಂಟೆಗೆ 20 ರೂಪಾಯಿಯ ಸೈಬರ್ ಕೆಫೆ: ಎಸ್ಸೆಸ್ಸೆಲ್ಸಿ ಫಲಿತಾಂಶ, ವಿದ್ಯಾರ್ಥಿವೇತನದ ಅರ್ಜಿ, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ. ಅಲ್ಲಿಯೂ ಕೀಲಿಮಣೆ ಅಂಗಡಿಯವರದು. ನಾವು ಬೆನ್ನ ಹಿಂದೆ ನಿಂತು ಹೆಸರಿನ ಸ್ಪೆಲ್ಲಿಂಗ್ ಹೇಳುವವರು. ಹದಿನೆಂಟು ತುಂಬುವವರೆಗೆ ನಾನು ಕಂಪ್ಯೂಟರನ್ನು ಮುಟ್ಟಿದ್ದಕ್ಕಿಂತ ನೋಡಿದ್ದೇ ಹೆಚ್ಚು. ಇದರ ಮೇಲಿನ ನನ್ನ ಮೋಹವನ್ನು ಅಷ್ಟರಮಟ್ಟಿಗೆ ಲೆಕ್ಕದಿಂದ ಕಳೆದೇ ಮುಂದಿನದನ್ನು ಓದಿ.

ಮೊದಲ ಬೇಸಿಗೆಯಲ್ಲೇ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗತೊಡಗಿತು. ಅದು 2020ರ ಮಾರ್ಚ್. ದೇಶದ ಮೊದಲ ಕೋವಿಡ್ ಸಾವು ನಮ್ಮ ಊರಿನಲ್ಲೇ ಆಗಿತ್ತು, ಅಂಗಡಿಗಳೆಲ್ಲ ಮುಚ್ಚಿದ್ದವು. ಬೇರೆ ದಾರಿಯಿಲ್ಲದೆ ಅಮ್ಮನ ಹೊಲಿಗೆ ಯಂತ್ರದ ಸ್ಕ್ರೂಡ್ರೈವರ್ ಹಿಡಿದು ನಾನೇ ಬೆನ್ನು ಬಿಚ್ಚಿದೆ. ಬಿಚ್ಚಿದ ಸ್ಕ್ರೂಗಳನ್ನು ಕಾಗದದ ಮೇಲೆ ಅವುಗಳ ಜಾಗ ಬರೆದು ಇಟ್ಟುಕೊಂಡರೂ ಕೊನೆಗೆ ಒಂದು ಉಳಿಯಿತು, ಅದು ಈಗಲೂ ಡಬ್ಬಿಯಲ್ಲಿದೆ. ಫ್ಯಾನಿನ ಬಾಯಿಗೆ ಕಂಬಳಿಯ ತುಂಡಿನಂತೆ ಎರೆಮಣ್ಣಿನ ಧೂಳು ಕಟ್ಟಿತ್ತು. ತೆಗೆದೆ, ಕೂಗು ನಿಂತಿತು. ಗಾಜಿನ ಬಾಗಿಲಿನ ಭಯ ಹೋದದ್ದೂ ಅವತ್ತೇ.

ಅಲ್ಲಿಂದ ಮುಂದೆ ಎಲ್ಲವೂ ಮನೆಯಲ್ಲೇ. ಇದರಲ್ಲಿದ್ದ ವಿಂಡೋಸ್ 7ಕ್ಕೆ ಆ ವರ್ಷದ ಜನವರಿ 14ಕ್ಕೇ ಬೆಂಬಲ ನಿಂತಿತ್ತು. ಅದರ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಂಡೆ. ರ‍್ಯಾಮನ್ನು 8 ಜಿಬಿ ಮಾಡಿದೆ. ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ 240 ಜಿಬಿ ಎಸ್‌ಎಸ್‌ಡಿ ಕೂರಿಸಿದೆ. ಮೊದಲು ಸ್ವಿಚ್ ಒತ್ತಿ ಚಹಾಕ್ಕೆ ಇಡುತ್ತಿದ್ದೆ, ಈಗ ನೀರು ಬಿಸಿಯಾಗುವ ಮೊದಲೇ ಪರದೆ ಸಿದ್ಧ. ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿ ಕೊಡುವ ಇಂದಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಈ ಸುಖವಿಲ್ಲ.

ಬಿಸಿಲು 42 ಡಿಗ್ರಿ ದಾಟಿದಾಗ ಗಾದಿಯ ಮೇಲೆ ಇಡಲೇಬೇಡಿ, ಕೆಳಗಿನ ಗಾಳಿಕಿಂಡಿ ಮುಚ್ಚಿಹೋಗುತ್ತದೆ. ನಾನು ಶಹಾಬಾದ್ ಕಲ್ಲಿನ ನೆಲದ ಮೇಲೆ ಇಟ್ಟು ಎದುರಿಗೆ ಬೋರಲು ಮಲಗಿ ಬರೆಯುತ್ತೇನೆ.

ದೋಷಗಳಿಗೇನೂ ಕೊರತೆಯಿಲ್ಲ. ಪರದೆ ಮಂಕು, ಅಂಗಳದಲ್ಲಿ ಕುಳಿತರೆ ನನ್ನ ಮುಖವೇ ಕಾಣುತ್ತದೆ. ತೂಕ ಎರಡು ಕಿಲೋ ದಾಟುತ್ತದೆ. ಹೆಸರಿಲ್ಲದ ಅಗ್ಗದ ಬ್ಯಾಟರಿ ಹಾಕಿಸಿದ್ದು ನನ್ನದೇ ತಪ್ಪು. ಎಂಟು ತಿಂಗಳಿಗೆ ಉಬ್ಬಿತು. ಈಗ ಕರೆಂಟು ಹೋದರೆ ಯಂತ್ರವೂ ಹೋಗುತ್ತದೆ. ವಿಂಡೋಸ್ 11 ಬೇಕೆನ್ನುವವರು ಇಂಥದ್ದನ್ನು ಕೊಳ್ಳಬೇಡಿ, ಅದು ಇಷ್ಟು ಹಳೆಯ ಪ್ರೊಸೆಸರನ್ನು ಅಧಿಕೃತವಾಗಿ ಒಪ್ಪುವುದಿಲ್ಲ.

ಎಂ.ಎ.ಯಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದಗಳ ಮೇಲೆ ಕಿರುಪ್ರಬಂಧ ಬರೆದದ್ದೂ ಇದರಲ್ಲೇ. ಡಿಟಿಪಿ ಅಂಗಡಿಯಿಂದ ಬಂದ ಕಡತ ತೆರೆದರೆ 'ಕನ್ನಡ' ಎಂಬ ಪದದ ನಡುವೆ ಪೌಂಡ್ ಚಿಹ್ನೆ! 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಕನ್ನಡದ ರೂಪಗಳನ್ನು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕೂರಿಸಿದ್ದಾರೆ. ಆ ಫಾಂಟ್ ಇಲ್ಲದ ಕಡೆ ಮುಸುಕು ಸರಿದು ಚಿಹ್ನೆಗಳೇ ಕಾಣುತ್ತವೆ. ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯುನಿಕೋಡ್‌ಗೆ ಪರಿವರ್ತಿಸಿ, ಕೆಟ್ಟ ಅರ್ಕಾವೊತ್ತುಗಳನ್ನು ಒಂದೊಂದಾಗಿ ತಿದ್ದಿದೆ. ಕೆ.ಪಿ. ರಾವ್ ವಿನ್ಯಾಸದ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆಯಲ್ಲಿ ಪ್ರತಿ ಒತ್ತಕ್ಷರಕ್ಕೂ ಎಫ್ ಕೀಲಿ ಒತ್ತಬೇಕು. ಉಳಿದ ಕೀಲಿಗಳೆಲ್ಲ ಹೊಸದರಂತಿವೆ. ಎಫ್ ಮಾತ್ರ ಸವೆದು ಬೋಳಾಗಿದೆ. ಹೊಸ ಕೀಲಿಮಣೆಗೆ ಅಂಗಡಿಯವರು 900 ರೂಪಾಯಿ ಹೇಳಿದ್ದಾರೆ. ಸದ್ಯ ಆ ಕೀಲಿಯ ಮೇಲೆ ಅಮ್ಮನ ಬಿಂದಿಯೊಂದನ್ನು ಅಂಟಿಸಿಕೊಂಡಿದ್ದೇನೆ.